ಕೈ ಹಿಡಿದು ಎಳೆಯುವಾಗ ಅವನು ನಿಮ್ಮ ಮುಖ ನೋಡುತ್ತಾನೆಯೇ?

ಪ್ರಶ್ನೆ: ನಮ್ಮದು ದಾವಣಗೆರೆ, ಈಗ ಬೆಂಗಳೂರಿನಲ್ಲಿದ್ದೇವೆ. ಮಗನಿಗೆ 2 ವರ್ಷ 4 ತಿಂಗಳು. ಲೆಕ್ಕ ಹಾಕಿದರೆ ಇಪ್ಪತ್ತು ಪದ ಹೇಳಬಹುದು, ಎರಡು ಪದ ಸೇರಿಸುವುದಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಆದರೆ ಮೊಬೈಲ್ ನೋಡಿ ಎ ಟು ಜೆಡ್, ಬಣ್ಣಗಳ ಹೆಸರು, ರೈಮ್ಸ್ ಎಲ್ಲ ಕಲಿತು ಪಟಪಟ ಹೇಳುತ್ತಾನೆ. ಮೊಬೈಲ್ ಇಲ್ಲದೆ ಊಟ ಇಳಿಯುವುದಿಲ್ಲ. ಅತ್ತೆ, "ಗಂಡು ಹುಡುಗರಿಗೆ ಮಾತು ತಡ, ಇವನಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು, ನಾಲಿಗೆಗೆ ಬಜೆ ತೇಯ್ದು ಹಚ್ಚು" ಅನ್ನುತ್ತಾರೆ. ಸಂವಹನದಲ್ಲಿ ನೂರಕ್ಕೆ 93 ಭಾಗ ಮಾತಿಲ್ಲದ್ದೇ ಎಂದು ನಮ್ಮ ಮನೆಯವರು ಎಲ್ಲೋ ಕೇಳಿದ್ದಾರಂತೆ, ಅದಕ್ಕೇ ಚಿಂತೆ ಬೇಡ ಅನ್ನುತ್ತಾರೆ. ಪ್ಲೇಹೋಮ್‌ನವರು ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತಾರೆ. ಇನ್ನೂ ಕಾಯಬಹುದೇ? ಮನೆಯಲ್ಲಿ ನಾನು ಮಾತು ಕಲಿಸುವುದು ಹೇಗೆ?

ಉತ್ತರ: ಕಾಯಬೇಡಿ. ಹೆದರಿಸಲು ಈ ಮಾತು ಹೇಳುತ್ತಿಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ಐವತ್ತರ ಆಸುಪಾಸು ಪದಗಳು, "ಅಮ್ಮ ಬಾ", "ನೀರು ಬೇಕು" ಎಂಬಂಥ ಎರಡು ಪದಗಳ ಜೋಡಣೆ ಇರಬೇಕು ಎಂಬುದು ನಾವು ಇಟ್ಟುಕೊಂಡಿರುವ ಅಳತೆ. ನಿಮ್ಮ ಮಗ ಅದಕ್ಕಿಂತ ಹಿಂದಿದ್ದಾನೆ. ಹೀಗೆ ಹಿಂದಿರುವ ಮಕ್ಕಳಲ್ಲಿ ಬಹಳಷ್ಟು ಮಂದಿ ತಾವಾಗಿಯೇ ದಾರಿ ಹಿಡಿಯುತ್ತಾರೆ, ನಿಜ. ಆದರೆ ಯಾವ ಮಗು ತಾನಾಗಿ ಸುಧಾರಿಸುತ್ತದೆ, ಯಾವುದಕ್ಕೆ ಸಹಾಯ ಬೇಕು ಎಂದು ಈ ವಯಸ್ಸಿನಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಗಂಡು ಮಕ್ಕಳು ಸ್ವಲ್ಪ ತಡ ಎಂಬುದರಲ್ಲಿ ಸತ್ಯವಿದೆ, ಆ ಅಂತರ ಒಂದೆರಡು ತಿಂಗಳದ್ದು ಅಷ್ಟೆ. ಇನ್ನು ಅವರಪ್ಪನ ಕತೆ. ಮಾತು ತಡವಾಗುವುದು ವಂಶದಲ್ಲಿ ಬರುವುದುಂಟು. ಹಾಗಾಗಿ ನಿಮ್ಮ ಅತ್ತೆ ಹೇಳಿದ ವಿಷಯ ತಜ್ಞರಿಗೆ ತಿಳಿಸಲೇಬೇಕಾದ ಮಾಹಿತಿ. ಅದನ್ನು ಸಮಾಧಾನಕ್ಕೆಂದು ಇಟ್ಟುಕೊಳ್ಳಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಪದಗಳ ಲೆಕ್ಕವಿದೆ. ನನಗೆ ಬೇಕಾದ ಒಂದು ವಿಷಯ ಮಾತ್ರ ಇಲ್ಲ. ನಿಮ್ಮ ಕೈ ಹಿಡಿದು ಫ್ರಿಜ್ ಹತ್ತಿರ ಎಳೆಯುವಾಗ ಅವನು ತಿರುಗಿ ನಿಮ್ಮ ಮುಖ ನೋಡುತ್ತಾನೆಯೇ? ತೋರುಬೆರಳು ಚಾಚಿ ಏನನ್ನಾದರೂ ತೋರಿಸುತ್ತಾನೆಯೇ?

ಮಗುವಿನ ಬೆರಳು ಎರಡು ಕೆಲಸ ಮಾಡುತ್ತದೆ. ಬಿಸ್ಕತ್ತಿನ ಡಬ್ಬಿಯತ್ತ ಚಾಚಿದರೆ ಅದು ಬೇಡಿಕೆಯ ಬೆರಳು. ರಸ್ತೆಯಲ್ಲಿ ಹಸು ಹೋಗುತ್ತಿದೆ, ಮಗು ಅದರತ್ತ ಬೆರಳು ಚಾಚಿ, ಕೂಡಲೇ ತಿರುಗಿ ನಿಮ್ಮನ್ನು ನೋಡಿ, "ಆಂ!" ಅನ್ನುತ್ತದೆ. ಅದಕ್ಕೆ ಹಸು ಬೇಕಾಗಿಲ್ಲ, ನೀವೂ ನೋಡಿದರೆ ಸಾಕು. ಇದು ತೋರಿಸುವ ಬೆರಳು. ಮಾತಿನ ಬೇರು ಇರುವುದು ಈ ಎರಡನೆಯ ಬೆರಳಿನಲ್ಲಿ. ನನ್ನ ಮನಸ್ಸಿನಲ್ಲಿರುವುದನ್ನು ನಿನ್ನ ಮನಸ್ಸಿಗೂ ದಾಟಿಸಬೇಕು ಎಂಬ ಆಸೆ ಹುಟ್ಟಿದ ಮಗುವಿಗೇ ಪದ ಬೇಕಾಗುವುದು. ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ದೊಡ್ಡವರು ನೋಡಿದ ಕಡೆ ಮಗುವೂ ನೋಡಲು ಕಲಿಯುತ್ತದೆ. ಹುಟ್ಟುಹಬ್ಬದ ಹೊತ್ತಿಗೆ ಬೆರಳು ಬರುತ್ತದೆ. ಮೊದಲ ಪದ ಅದರ ಬೆನ್ನಿಗೇ.

ನಮ್ಮ ಅಜ್ಜಿಯಂದಿರು ಇದನ್ನು ಯಾವ ತರಬೇತಿಯೂ ಇಲ್ಲದೆ ಮಾಡುತ್ತಿದ್ದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಂಗಳಕ್ಕೆ ಬಂದು, ಚಂದಮಾಮನತ್ತ ಬೆರಳು ಮಾಡಿ, ಮಗು ಮೇಲೆ ನೋಡಿ ಬಾಯಿ ತೆರೆದಾಗ ಒಂದು ತುತ್ತು ಇಡುವುದು. ನೋಡುವ ವಸ್ತು ಒಂದೇ, ನೋಡುವವರು ಇಬ್ಬರು, ನಡುವೆ ಒಂದು ದನಿ. ನಮ್ಮ ಶಾಸ್ತ್ರದಲ್ಲಿ ಜಂಟಿ ಗಮನ ಎನ್ನುವುದು ಇದನ್ನೇ. ಮೊಬೈಲ್ ಮುಂದಿನ ಊಟದಲ್ಲಿ ತುತ್ತು ಅದೇ, ಜೊತೆ ನೋಡುವವರು ಮಾತ್ರ ಇಲ್ಲ.

ಹೀಗಾಗಿ ಅವನ ಇಪ್ಪತ್ತು ಪದಗಳನ್ನು ಇನ್ನೊಮ್ಮೆ ಎಣಿಸಿ. ತಾನಾಗಿ, ಯಾರಿಗೋ, ಯಾವುದೋ ಕಾರಣಕ್ಕೆ ಹೇಳಿದ ಪದಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. "ಅಪ್ಪ" ಎನ್ನುವುದು ಬಾಗಿಲ ಬೆಲ್ ಆದಾಗ ಬಂದರೆ ಪದ. "ಬೌಬೌ" ನಾಯಿ ಕಂಡಾಗ ಬಂದರೆ ಅದೂ ಪದವೇ, ಪೂರ್ಣಾಂಕ ಕೊಡಿ. ಎ ಟು ಜೆಡ್ ಈ ಪಟ್ಟಿಯಲ್ಲಿ ಬರುವುದಿಲ್ಲ. ಅದು ಯಾರಿಗೂ ಹೇಳಿದ್ದಲ್ಲ, ಯಾರಿಂದಲೂ ಉತ್ತರ ಬಯಸಿದ್ದಲ್ಲ. ಅವನ ನೆನಪಿನ ಶಕ್ತಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿ ಹೊರಳುತ್ತದೆ ಎಂಬುದಕ್ಕೆ ಸಾಕ್ಷಿ, ಅಷ್ಟರಮಟ್ಟಿಗೆ ಸಂತೋಷ. ಆದರೆ ನಿಮ್ಮ ಮುಖ ನೋಡಿ ಒಂದೇ ಒಂದು ಸಲ "ನೀ" ಎಂದು ನೀರು ಕೇಳಿದರೆ, ನನ್ನ ದೃಷ್ಟಿಯಲ್ಲಿ ಅದು ಆ ಇಪ್ಪತ್ತಾರು ಅಕ್ಷರಗಳಿಗಿಂತ ದೊಡ್ಡದು.

ನಾಲಿಗೆಯ ಪ್ರಸ್ತಾಪ ಬಂದದ್ದರಿಂದ ಬಜೆಯ ವಿಷಯ ಮುಗಿಸಿಬಿಡುತ್ತೇನೆ. ಬಜೆಯಿಂದ ಮಾತು ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ರೈಮ್ಸ್ ಹೇಳುವ ಹುಡುಗನ ನಾಲಿಗೆಯಲ್ಲಿ ತೊಂದರೆ ಇರುವ ಸಂಭವವೂ ಕಡಿಮೆ. ಅತ್ತೆಯವರ ಮನಸ್ಸು ನೋಯಿಸದೆ, "ಡಾಕ್ಟರನ್ನು ಕೇಳಿ ನೋಡೋಣ" ಎಂದು ಬಿಟ್ಟುಬಿಡಿ. ಅವರಿಂದ ಆಗಬೇಕಾದ ದೊಡ್ಡ ಕೆಲಸ ಬೇರೆ ಇದೆ, ಮುಂದೆ ಹೇಳುತ್ತೇನೆ.

ಮೊದಲು ಕಿವಿ. "ಮಿಕ್ಸಿ ಹಾಕಿದರೆ ಓಡಿ ಬರ್ತಾನೆ ಮೇಡಂ, ಕಿವಿ ಚೆನ್ನಾಗಿದೆ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಿಕ್ಸಿ ಸದ್ದು ಕೇಳುವುದು ಬೇರೆ, "ಸ", "ಶ"ಗಳಂಥ ಮೆಲುದನಿಗಳು ಸ್ಪಷ್ಟವಾಗಿ ಕೇಳುವುದು ಬೇರೆ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ತುಂಬಿಕೊಂಡು ತಿಂಗಳುಗಟ್ಟಲೆ ನಿಲ್ಲಬಹುದು. ನೋವಿರುವುದಿಲ್ಲ, ಜ್ವರವಿರುವುದಿಲ್ಲ, ಹೊರಗೆ ಸೋರುವುದೂ ಇಲ್ಲ. ನೀರಿನೊಳಗೆ ಮುಳುಗಿ ಹೊರಗಿನ ಮಾತು ಆಲಿಸಿದಂತೆ ಅವನಿಗೆ ಕೇಳಿಸುತ್ತಿರಬಹುದು. ಟಿಂಪನೊಮೆಟ್ರಿ ಎಂಬ ಪರೀಕ್ಷೆಯಲ್ಲಿ ಇದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಒಳಗಿವಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಓಎಇ ಎಂಬ ಪರೀಕ್ಷೆ ಇದೆ. ಬೇಕೆನಿಸಿದರೆ ಮಗುವನ್ನು ಮಲಗಿಸಿ, ಸದ್ದು ಕಿವಿಯಿಂದ ಮಿದುಳಿನತ್ತ ತಲುಪುತ್ತಿದೆಯೇ ಎಂದು ನೋಡುವ ಬೆರಾ ಪರೀಕ್ಷೆ ಮಾಡುತ್ತಾರೆ. ಇವು ಯಾವುದರಲ್ಲೂ ನೋವಿಲ್ಲ. ಹುಟ್ಟಿದಾಗ ಮಾಡಿಸಿದ್ದೇವೆ ಎಂದು ಸುಮ್ಮನಾಗಬೇಡಿ, ಇದೇ ತಿಂಗಳು ಇನ್ನೊಮ್ಮೆ ಮಾಡಿಸಿ.

ಎರಡನೆಯದು ಹೇಳಲು ಕಷ್ಟದ ವಿಷಯ, ಆದರೂ ಮುಚ್ಚಿಡುವುದು ನಿಮಗೆ ಮಾಡುವ ಅನ್ಯಾಯ. ಮಗು ನಿಮ್ಮ ಕೈಯನ್ನು ಒಂದು ಉಪಕರಣದ ಹಾಗೆ ಹಿಡಿದು ಒಯ್ದು, ಮುಖದತ್ತ ನೋಡದೆ ಹಿಡಿಕೆಯ ಮೇಲೆ ಇಟ್ಟರೆ. ಹೆಸರು ಕೂಗಿದರೆ ತಿರುಗದಿದ್ದರೆ. ತೋರಿಸುವ ಬೆರಳು ಬಂದೇ ಇಲ್ಲದಿದ್ದರೆ. ಸುಳ್ಳುಸುಳ್ಳೇ ಅಡುಗೆ ಮಾಡುವ, ಗೊಂಬೆಗೆ ಉಣಿಸುವ ಆಟ ಆಡದಿದ್ದರೆ, ಆಟಿಸಂ ಇದೆಯೇ ಎಂದು ನೋಡಬೇಕಾಗುತ್ತದೆ. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆಂದೇ ಎಂ-ಚಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿಯಿದೆ. ನಿಮ್ಮ ಮಗನಿಗೆ ಇಪ್ಪತ್ತೆಂಟು ತಿಂಗಳು, ಅಂದರೆ ಇನ್ನೂ ಆ ಅವಧಿಯೊಳಗೇ ಇದ್ದಾನೆ. ಮಕ್ಕಳ ಡಾಕ್ಟರ ಬಳಿ ಕೇಳಿ ತುಂಬಿಸಿ. ಅದರ ಫಲಿತಾಂಶವೇ ರೋಗನಿರ್ಣಯವಲ್ಲ, ಮುಂದೆ ನೋಡಬೇಕೋ ಬೇಡವೋ ಎಂದಷ್ಟೇ ತಿಳಿಸುತ್ತದೆ. ಅವನು ನಿಮ್ಮ ಮುಖ ನೋಡಿ, ನಕ್ಕು, ಬೆರಳು ಮಾಡಿ, ಆಮೇಲೆ ಕೈ ಎಳೆಯುವವನಾದರೆ ನನಗೆ ಧೈರ್ಯ ಜಾಸ್ತಿ. ಇನ್ನೊಂದು: ಮೊದಲು ಹೇಳುತ್ತಿದ್ದ ಪದಗಳು ಈಗ ನಿಂತುಹೋಗಿದ್ದರೆ ಒಂದು ದಿನವೂ ತಡ ಮಾಡಬೇಡಿ.

ಈಗ ಮನೆ. ಪರೀಕ್ಷೆಗಳ ತಾರೀಖಿಗೆ ಕಾಯದೆ ಇವತ್ತೇ ಶುರುಮಾಡಬಹುದಾದದ್ದು ಇದು. ನಮ್ಮ ಮನೆಗಳಲ್ಲಿ ಪುಟ್ಟ ಮಗುವಿನ ಜೊತೆ ಮಾತಾಡುವುದೆಂದರೆ ಪ್ರಶ್ನೆಪತ್ರಿಕೆ ಕೊಟ್ಟಂತೆ. "ಇದೇನು? ಇದ್ಯಾವ ಬಣ್ಣ? ಹಸು ಹೇಗೆ ಕೂಗತ್ತೆ? ಅಂಕಲ್‌ಗೆ ರೈಮ್ಸ್ ಹೇಳು, ಹೇಳು ಪುಟ್ಟಾ." ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗಳು ಇವೆಲ್ಲ. ಮಾತು ಬಾರದ ಮಗುವಿಗೆ ಇವು ದಿನಕ್ಕೆ ಐವತ್ತು ಸಲ ಸೋತ ಅನುಭವ ಕೊಡುತ್ತವೆ. ಪ್ರಶ್ನೆ ಬಿಟ್ಟು, ಅವನು ಮಾಡುತ್ತಿರುವುದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳುತ್ತಾ ಹೋಗಿ. ಕಾರು ಉರುಳಿಸುತ್ತಿದ್ದಾನೆಯೇ? ನೀವೂ ನೆಲಕ್ಕೆ ಕೂತು, ಮುಖ ಅವನ ಮುಖದ ಮಟ್ಟಕ್ಕೆ ತಂದು, "ಕಾರು ಬಂತು... ಬಂತು... ಬಿತ್ತು!" ಅನ್ನಿ.

ಇಲ್ಲಿ ಒಂದು ವಿಷಯ ಗಮನಿಸಿ. ನಾವು ಕಲಿಸುವುದೆಲ್ಲ ಹೆಸರುಗಳನ್ನೇ: ಆ್ಯಪಲ್, ಬಾಲ್, ಕಾಗೆ, ಕೆಂಪು. ಬರೀ ಹೆಸರುಗಳಿಂದ ಸಂಭಾಷಣೆ ನಡೆಯುವುದಿಲ್ಲ. ಕನ್ನಡ ನಮಗೊಂದು ಅನುಕೂಲ ಮಾಡಿಕೊಟ್ಟಿದೆ, ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬಂತು, ಹೋಯ್ತು, ಬಿತ್ತು, ಆಯ್ತು, ಬಾ, ತಾ, ಬೇಕು, ಬೇಡ, ಸಾಕು. ಮಗುವಿನ ಕಿವಿಗೆ ಕೊನೆಯಲ್ಲಿ ಬೀಳುವ ಪುಟ್ಟ ಪದಗಳು, ದಿನಕ್ಕೆ ನೂರು ಸಲ ಉಪಯೋಗಕ್ಕೆ ಬರುವಂಥವು. ಇವು ಹತ್ತು ಬಂದರೆ ಎರಡು ಪದಗಳ ಜೋಡಣೆಗೆ ಬಾಗಿಲು ತೆರೆದಂತೆ. ಅಜ್ಜಿ ಬಂತು. ಹಾಲು ಬೇಡ. ಅಪ್ಪ ಬಾ. ವ್ಯಾಕರಣ ತಪ್ಪಿದರೆ ತಪ್ಪಲಿ.

ಅವನು ಏನಾದರೂ ಹೇಳಿದಾಗ ಅದಕ್ಕೆ ಒಂದೇ ಒಂದು ಪದ ಕೂಡಿಸಿ ಹಿಂದಿರುಗಿಸಿ. "ಬೌಬೌ" ಅಂದರೆ "ಹೌದು, ಬೌಬೌ ಹೋಯ್ತು." "ಲೈಲು" ಅಂದರೆ "ರೈಲು ಬಂತು." ತಿದ್ದುವುದು, ಮತ್ತೆ ಹೇಳಿಸುವುದು ಬೇಡ. ಸರಿಯಾದ ರೂಪ ಕಿವಿಗೆ ಬಿದ್ದರೆ ಸಾಕು. "ರ"ಕಾರಕ್ಕೆ ಇನ್ನೂ ಬೇಕಾದಷ್ಟು ಕಾಲವಿದೆ.

ಇಷ್ಟೆಲ್ಲ ಹೇಳಿದರೂ, ತಾಯಂದಿರು ಮಾಡಲಾಗದೆ ಒದ್ದಾಡುವುದು ಒಂದೇ ಒಂದು ವಿಷಯದಲ್ಲಿ: ಸುಮ್ಮನಿರುವುದು. ನಮಗೆ ಮೌನ ಸಹಿಸದು. ಮಗುವಿನ ಕಣ್ಣು ಡಬ್ಬಿಯತ್ತ ಹೋಗುವ ಮೊದಲೇ ಮುಚ್ಚಳ ತೆಗೆದಿರುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಕೇಳುವ ಮೊದಲೇ ಎಲ್ಲ ಸಿಗುವ ಮನೆಯಲ್ಲಿ ಕೇಳಲು ಕಾರಣವೇ ಇರುವುದಿಲ್ಲ. ನೀವು ದಾವಣಗೆರೆಯವರು, ಮನೆಯಲ್ಲಿ ಮಂಡಕ್ಕಿ ಇದ್ದೇ ಇರುತ್ತದೆ. ಅದನ್ನು ಬಿಗಿ ಮುಚ್ಚಳದ, ಒಳಗಿರುವುದು ಕಾಣುವ ಡಬ್ಬಿಗೆ ಹಾಕಿ ಅವನ ಕೈಗೆ ಕೊಡಿ. ತೆಗೆಯಲು ಆಗುವುದಿಲ್ಲ. ಎದುರು ಕೂತು, ಏನೂ ಹೇಳದೆ, ಹುಬ್ಬೇರಿಸಿ, ಅವನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಹತ್ತು ಎಣಿಕೆ ನಿಮಗೆ ಹತ್ತು ನಿಮಿಷ ಅನಿಸುತ್ತದೆ. ಅವನು ಡಬ್ಬಿ ನಿಮ್ಮತ್ತ ಚಾಚಬಹುದು, "ಆಂ" ಅನ್ನಬಹುದು, ನಿಮ್ಮ ಕಣ್ಣು ನೋಡಬಹುದು. ಯಾವುದು ಬಂದರೂ ಅದು ಅವನ ಸರದಿ. "ತೆಗಿಲಾ? ತೆಗೀತೀನಿ!" ಎಂದು ಕೂಡಲೇ ತೆಗೆದು, ನಾಲ್ಕೇ ನಾಲ್ಕು ಕಾಳು ಕೊಡಿ. ಮುಗಿದ ಮೇಲೆ ಮತ್ತೆ ಡಬ್ಬಿ ಬರುತ್ತದೆ. ಹೀಗೆ ಐದು ನಿಮಿಷದಲ್ಲಿ ಹತ್ತು ಸರದಿ.

"ಬೇಕು ಅಂದರೆ ಮಾತ್ರ ಕೊಡ್ತೀನಿ" ಎಂದು ಮಾತ್ರ ಹಟ ಹಿಡಿಯಬೇಡಿ. ಅವನು ಅಳುವ ಹಂತಕ್ಕೆ ಬಂದರೆ ಆಟ ಕೆಟ್ಟಿತು. ಸನ್ನೆ ಮಾಡಿದರೂ ಕೊಡಬೇಕು, ಕೊಡುವಾಗ ಆ ಪದವನ್ನು ನೀವು ಹೇಳಬೇಕು. ಸ್ನಾನದ ಮನೆಯಲ್ಲೂ ಇದೇ. ಚೊಂಬು ಎತ್ತಿ ಹಿಡಿದು "ಒಂದು... ಎರಡು..." ಎಂದು ನಿಲ್ಲಿಸಿ. ನಾಲ್ಕನೆಯ ದಿನವೋ ಹತ್ತನೆಯ ದಿನವೋ "ಮೂ" ಎಂಬ ದನಿ ಅವನಿಂದಲೇ ಬರುತ್ತದೆ. ಲಿಫ್ಟ್ ಬಟನ್ ಮುಂದೆ, ಚಪ್ಪಲಿ ಹಾಕುವಾಗ, ಕುಕ್ಕರ್ ಸೀಟಿಗೆ ಕಾಯುವಾಗ ನಿಮಗೇ ಹೊಳೆಯುತ್ತದೆ.

ಸನ್ನೆಗೆ ಒಲಿದರೆ ಮಗು ಸೋಮಾರಿಯಾಗಿ ಮಾತಾಡುವುದೇ ಇಲ್ಲ ಎಂಬ ಭಯ ಅನೇಕರಿಗಿದೆ. ಆಗುವುದು ಇದಕ್ಕೆ ವಿರುದ್ಧ. ಚಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನಾಲ್ಕು ತಿಂಗಳಿದ್ದಾಗ ಹೆಚ್ಚು ಬಗೆಯ ಸನ್ನೆಗಳನ್ನು ಬಳಸುತ್ತಿದ್ದ ಮಕ್ಕಳಿಗೆ ನಾಲ್ಕೂವರೆ ವರ್ಷದಲ್ಲಿ ಹೆಚ್ಚು ಪದಗಳು ಬರುತ್ತಿದ್ದವು. ನಮ್ಮಲ್ಲಿ ಸನ್ನೆಗೇನು ಬರ? ಟಾಟಾ, ಜೈ ಮಾಡುವುದು, ಅಂಗೈ ತಿರುಗಿಸಿ "ಎಲ್ಲಿ ಹೋಯ್ತು?" ಎನ್ನುವುದು, ಬಿಸಿಗೆ "ಉಫ್", ಬೇಡವೆಂದು ತಲೆ ಅಲ್ಲಾಡಿಸುವುದು, ಬಾ ಎಂದು ಕೈ ಬೀಸುವುದು. ಅಚ್ಚಚ್ಚು ಬೆಲ್ಲದಚ್ಚು ಆಟದಲ್ಲಿ ಮುಷ್ಟಿಯ ಮೇಲೆ ಮುಷ್ಟಿ ಬರುವಾಗ ಸರದಿ ಕಾಯುವುದೂ ಬರುತ್ತದೆ, ಮುಂದೇನು ಎಂಬ ನಿರೀಕ್ಷೆಯೂ ಬರುತ್ತದೆ. ನಿಮ್ಮ ಅತ್ತೆಯವರಿಂದ ಆಗಬೇಕು ಎಂದೆನಲ್ಲ, ಇದೇ ಆ ಕೆಲಸ. ಈ ಆಟಗಳು ಅವರಿಗೆ ನನಗಿಂತ, ನಿಮಗಿಂತ ಚೆನ್ನಾಗಿ ಗೊತ್ತು. ಬಜೆ ಬೇಡ ಎನ್ನುವ ಬದಲು "ಅತ್ತೆ, ನೀವು ಇವನಿಗೆ ದಿನಾ ಅರ್ಧ ಗಂಟೆ ಆಟ ಆಡಿಸಿ" ಎಂದು ಕೇಳಿ ನೋಡಿ.

ಇನ್ನು ನಿಮ್ಮ ಮನೆಯವರ 93ರ ಲೆಕ್ಕ. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹುಟ್ಟಿದ ಸಂಖ್ಯೆ ಅದು. ಅವರು ನೋಡಿದ್ದು ಇಷ್ಟು: ಒಬ್ಬರು ಇಷ್ಟ ಅಥವಾ ಅಸಮಾಧಾನ ತೋರಿಸುವಾಗ ಪದ ಒಂದು ಹೇಳಿ, ದನಿಯೋ ಮುಖವೋ ಇನ್ನೊಂದು ಹೇಳಿದರೆ, ಕೇಳುವವರು ಯಾವುದನ್ನು ನಂಬುತ್ತಾರೆ? ದನಿಯನ್ನು, ಮುಖವನ್ನು. ಎಲ್ಲ ಸಂವಹನದಲ್ಲೂ ಮಾತಿಗೆ ನೂರಕ್ಕೆ ಏಳೇ ಭಾಗ ಎಂದು ಅವರು ಹೇಳಿಲ್ಲ. ಹೊಟ್ಟೆಯಲ್ಲಿ ಎಲ್ಲಿ ನೋವು ಎಂದು ಮುಖಭಾವದಿಂದ ಎಷ್ಟು ಹೇಳಲಾದೀತು? ಮಾತು ಬೇಕೇ ಬೇಕು. ಆದರೆ ಆ ಪ್ರಯೋಗದ ನಿಜವಾದ ಪಾಠ ನಿಮ್ಮ ಮನೆಗೂ ಅನ್ವಯಿಸುತ್ತದೆ. ಮಗು ತಾತನ ಕೆನ್ನೆಗೆ ಹೊಡೆಯುತ್ತದೆ, ಎಲ್ಲರೂ ನಗುತ್ತಾ "ಹೊಡೀಬಾರದು ಕಣೋ" ಅನ್ನುತ್ತಾರೆ. ಅವನು ನಗುವನ್ನು ತೆಗೆದುಕೊಂಡು ಮತ್ತೆ ಹೊಡೆಯುತ್ತಾನೆ. ಬೇಡ ಎನ್ನುವಾಗ ಮುಖವೂ ಬೇಡ ಎನ್ನಲಿ, ಹೊಗಳುವಾಗ ಕಣ್ಣೂ ಹೊಗಳಲಿ. ಆದರೆ ಗಲ್ಲ ಹಿಡಿದು "ನನ್ನ ಕಣ್ಣು ನೋಡು" ಎಂದು ಮುಖ ತಿರುಗಿಸುವುದು ಬೇಡ. ಅವನು ನೋಡಬೇಕೆನಿಸುವಂತೆ ನಾವು ಅವನೆದುರು ಕೂರಬೇಕು.

ಊಟದ ಮೊಬೈಲಿಗೆ ಬರುತ್ತೇನೆ. ಇದನ್ನು ಬೈಗುಳ ಎಂದುಕೊಳ್ಳಬೇಡಿ. ಸಹಾಯಕ್ಕೆ ಜನರಿಲ್ಲದ ಮನೆಯಲ್ಲಿ ಮಗುವಿನ ಹೊಟ್ಟೆ ತುಂಬಿಸುವ ಕಷ್ಟ ನನಗೆ ಗೊತ್ತು. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದೊಡ್ಡವರ ಜೊತೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಕಾರಣ ತಿಳಿದರೆ ಪಾಲಿಸುವುದು ಸುಲಭ. ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಸಿಯಾಟಲ್‌ನಲ್ಲಿ ನಡೆಸಿದ, 2003ರಲ್ಲಿ ಪ್ರಕಟವಾದ ಪ್ರಯೋಗ ಹೀಗಿತ್ತು: ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಶಿಶುಗಳ ಜೊತೆ ಚೀನೀ ಮ್ಯಾಂಡರಿನ್ ಮಾತಾಡುವವರು ಎದುರು ಕೂತು ಹನ್ನೆರಡು ಸಲ ಆಡಿದರು, ಓದಿ ಹೇಳಿದರು. ಶಿಶುಗಳು ಆ ಭಾಷೆಯ ಧ್ವನಿವ್ಯತ್ಯಾಸ ಗುರುತಿಸಲು ಕಲಿತವು. ಅದೇ ಮಾತು, ಅದೇ ಆಟ ಟೀವಿಯಲ್ಲಿ ಹಾಕಿದಾಗ ಏನೂ ಕಲಿಯಲಿಲ್ಲ. ಪರದೆ ಕಾಯುವುದಿಲ್ಲ. ಮಗು "ಆಂ" ಅಂದರೆ ಅದು ತಿರುಗಿ ನೋಡುವುದಿಲ್ಲ.

ಒಮ್ಮೆಗೇ ಎಲ್ಲ ನಿಲ್ಲಿಸಲು ಹೋದರೆ ಮೂರನೆಯ ದಿನ ಸೋಲುತ್ತೀರಿ. ಬೆಳಗಿನ ತಿಂಡಿಯೊಂದನ್ನು ಹಿಡಿಯಿರಿ. ಅವನನ್ನೂ ನಿಮ್ಮ ಜೊತೆ ನೆಲಕ್ಕೆ ಕೂರಿಸಿ, ಅವನ ತಟ್ಟೆಗೆ ಅವನೇ ಕೈ ಹಾಕಲಿ, ಚೆಲ್ಲಲಿ. ಕೆಲವು ದಿನ ಕಡಿಮೆ ತಿನ್ನುತ್ತಾನೆ, ರಂಪ ಮಾಡುತ್ತಾನೆ. ಆರೋಗ್ಯವಾಗಿರುವ ಮಗು ಒಂದು ಹೊತ್ತು ಕಡಿಮೆ ತಿಂದರೆ ಏನೂ ಆಗುವುದಿಲ್ಲ. ತಿಂಡಿ ಗೆದ್ದ ಮೇಲೆ ರಾತ್ರಿ ಊಟ. ನಿಮ್ಮ ಫೋನೂ, ಅವರಪ್ಪನ ಫೋನೂ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಬಿಡಬೇಡಿ. ಎರಡು ಭಾಷೆ ಕೇಳಿದ್ದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ. ನಿಮಗೆ ನಗಲು, ಮುದ್ದು ಮಾಡಲು, ರೇಗಲು ಬರುವ ಭಾಷೆಯಲ್ಲೇ ಅವನ ಜೊತೆ ಮಾತಾಡಿ. ತಡವರಿಸುತ್ತಾ ಆಡುವ "ಕಮ್ ಹಿಯರ್, ಸಿಟ್ ಡೌನ್"ನಲ್ಲಿ ಬರೀ ಆಜ್ಞೆಗಳಿರುತ್ತವೆ, ಕತೆ ಇರುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿ ಎಣಿಸಿ.

ಎಲ್ಲಿಗೆ ಹೋಗಬೇಕು ಎಂದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ, ಮಾತು, ಮನಃಶಾಸ್ತ್ರ ಎಲ್ಲವನ್ನೂ ಒಂದೇ ಕಡೆ ನೋಡುತ್ತಾರೆ. ಊರಿನಲ್ಲಿರುವವರಿಗೆ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೇ ಮೊದಲ ಬಾಗಿಲು. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ, ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಅವರು ಕಳಿಸುತ್ತಾರೆ. ಖಾಸಗಿಯಾಗಿ ಹೋಗುವುದಾದರೆ ಚಿಕಿತ್ಸಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮಗುವನ್ನು ಒಳಗೆ ಕರೆದುಕೊಂಡು ನಿಮ್ಮನ್ನು ಹೊರಗೇ ಕೂರಿಸುವ ಕಡೆ ನನಗೆ ನಂಬಿಕೆ ಕಡಿಮೆ. ವಾರಕ್ಕೆ ಎರಡು ಗಂಟೆ ಅವರು ಮಾಡುವುದನ್ನು ಉಳಿದ ಹೊತ್ತೆಲ್ಲ ಮಾಡಬೇಕಾದವರು ನೀವು, ಆದ್ದರಿಂದ ಅದನ್ನು ನೀವು ನೋಡಲೇಬೇಕು.

ಹೋಗುವ ಮುಂಚಿನ ವಾರ ಒಂದು ಕೆಲಸ ಮಾಡಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ, ತಾಯಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತಾರೆ, ಆಮೇಲೆ "ಮನೇಲಿ ಹೀಗಿರಲ್ಲ ಮೇಡಂ" ಎಂದು ತಾಯಿ ಪೇಚಾಡುತ್ತಾಳೆ. ಅವನು ಅಜ್ಜಿಯ ಜೊತೆ ಆಡುವಾಗ, ಮಂಡಕ್ಕಿ ಡಬ್ಬಿ ಹಿಡಿದು ಬರುವಾಗ, ಕೈ ಹಿಡಿದು ಎಳೆಯುವಾಗ ಮನೆಯವರಿಂದ ಎರಡು ಮೂರು ನಿಮಿಷದ ವಿಡಿಯೊಗಳನ್ನು ತೆಗೆಸಿಡಿ. ತೆಗೆಯುವಾಗ ಅವನ ಮುಖ ಮತ್ತು ನಿಮ್ಮ ಮುಖ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತಿರಲಿ.